ವಾಲಿದ ಮೇಲೆ ಏಳದ ದೋಣಿ

ಸಯನ್, ಮುಂಬಯಿ
೨-೮-೧೯೭೬

ಪ್ರೀತಿಯ ಮೋಹಿನಿ ಅಕ್ಕನಿಗೆ,

ನಿನ್ನ ತಂಗಿ ಪ್ರಫುಲ್ಲಾ ಬರೆಯುತ್ತಿದ್ದೇನೆ. ಅಕ್ಷರ ಗುರುತು ಸಿಕ್ಕ ಕೂಡಲೇ ಹರಿದು ಹಾಕಬೇಡ. ಮಳೆಗಾಲದ ಆರಂಭದಲ್ಲಿ ನೀನು ಬರೆದ ಇನ್‌ಲ್ಯಾಂಡಿನಲ್ಲಿ, ಇನ್ನು ಮುಂದೆ ನನಗೊಬ್ಬಳು ತಂಗಿ ಇದ್ದಾಳೆಂದು ಯಾರ ಹತ್ತಿರವೂ ಹೇಳುವುದಿಲ್ಲ ಎಂದಿದ್ದೆ. ಇದು ಅದಕ್ಕೆ ಉತ್ತರವಲ್ಲ. ನೀನು ನನ್ನನ್ನು ತಂಗಿ ಎನ್ನದಿದ್ದರೂ ನಾನು ಹೇಗೋ ತಡೆದುಕೊಳ್ಳುತ್ತೇನೆ. ಆದರೆ ಈ ನೂಲ ಹುಣ್ಣಿಮೆ ಕಳೆದ ಮೇಲೆ ಭಾವ ಆ ದೋಣಿಯನ್ನು ನೀರಿಗೆ ಇಳಿಸಬಾರದು. ಯಾಕೆಂದು ಹೇಳಲಿಕ್ಕೇ ಕೂತಿದ್ದೇನೆ. ಪೂರ್ತಿ ಓದು. ಆಮೇಲೆ ಬೇಕಾದರೆ ಒಲೆಗೆ ಹಾಕು.

ನಿನಗೆ ಗೊತ್ತಿರುವುದನ್ನೂ ಮೊದಲಿನಿಂದಲೇ ಹೇಳುತ್ತೇನೆ. ನಿಮ್ಮ ಮನೆಗೆ ಸುದ್ದಿ ಬೇರೆ ರೀತಿಯಲ್ಲಿ ಬಂದಿರಬಹುದು. ಇವರಿಗೆ ಮಾಹೀಮ್ ಖಾಡಿಯ ದಡದಲ್ಲಿ ದೋಣಿ ಕಟ್ಟುವ ಶೆಡ್ಡಿನಲ್ಲಿ ಕೆಲಸ ಸಿಕ್ಕಿದ್ದು ನಿನ್ನ ಮಾತಿನಿಂದ. ಭಾವನ ಅಣ್ಣ ಕಾಂತಪ್ಪಣ್ಣನ ಶೆಡ್ಡು. ಮರದ ದೋಣಿಯ ಕಾಲ ಮುಗಿಯಿತು, ಇನ್ನು ಫೈಬರ್‌ಗ್ಲಾಸ್ ಎಂದು ಕಾಂತಪ್ಪಣ್ಣ ಹಟ ಹಿಡಿದಾಗ ನಕ್ಷೆ ಬರೆದುಕೊಟ್ಟವರು ಇವರು. ಒಂದೇ ಅಚ್ಚಿನಲ್ಲಿ ಎರಡು ದೋಣಿ ತೆಗೆದರು. ಒಂದು ಇಲ್ಲೇ ವರ್ಸೋವಾದಲ್ಲಿ ಓಡಿತು. ಇನ್ನೊಂದನ್ನು ತಮ್ಮನಿಗೆಂದು ಮಲ್ಪೆಗೆ ಕಳಿಸಿದರು. ಅದರ ಮೂತಿಗೆ ನೀನೇ ಕುಂಕುಮ ಹಚ್ಚಿದ್ದೆ.

ವರ್ಸೋವಾದ ದೋಣಿಗೆ ಚುಕ್ಕಾಣಿ ಹಿಡಿಯುವ ತಾಂಡೇಲನಾಗಿದ್ದವನು ಉಚ್ಚಿಲದ ದೂಜ. ಕಳೆದ ಮೇ ತಿಂಗಳಲ್ಲಿ ಮೀನು ತುಂಬಿಕೊಂಡು ಹಿಂದಿರುಗುವಾಗ ದಡ ಕಾಣುವಷ್ಟು ಹತ್ತಿರದಲ್ಲಿ ದೋಣಿ ಮಗುಚಿತು. ಉಳಿದವರನ್ನು ಇಲ್ಲಿನ ಕೋಳಿ ಜಾತಿಯ ಮೀನುಗಾರರ ದೋಣಿ ಎತ್ತಿಕೊಂಡಿತು. ದೂಜ ಸಿಗಲಿಲ್ಲ. ಮರುದಿನ ಅವನ ಹೆಣ ದಡಕ್ಕೆ ಬಂತು. ದೋಣಿ ಮಾತ್ರ ಎಂಜಿನ್ ಸಮೇತ ಕೆಸರಿನಲ್ಲಿ ಹೂತು ಹೋಯಿತೋ ಏನೋ, ಇವತ್ತಿಗೂ ಪತ್ತೆಯಿಲ್ಲ.

ಆ ವಾರವೇ ಕಾಂತಪ್ಪಣ್ಣ ನಮ್ಮ ರೂಮಿಗೆ ಬಂದರು. ಮಂಚದ ಮೇಲೆ ಕೂತು, ಹೆಗಲ ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅದು ಸುಳ್ಳು ಅಳು ಅಲ್ಲ ಅಕ್ಕ. ದೂಜ ಅವರ ಕೈಕೆಳಗೇ ಬೆಳೆದವನು. ಅತ್ತು ಮುಗಿದ ಮೇಲೆ ಹೇಳಿದರು: "ಶೇಖರಾ, ಹೋದವ ಹೋದ. ಶೆಡ್ಡು ಮುಚ್ಚಿದ್ರೆ ಇದ್ದವರ ಗತಿ ಎಂತ? ದೂಜ ಕುಡಿದಿದ್ದ ಅಂತ ಒಂದು ಮಾತು ಹೇಳು, ಅಷ್ಟೇ ಸಾಕು."

ಇವರು ನಕ್ಷೆಯನ್ನು ತೆಗೆದು ಅವರ ಮುಂದೆ ಹಾಸಿದರು. ಆಮೇಲೆ, "ನನ್ನ ನಕ್ಷೆಯಲ್ಲಿ ಐಸಿನ ಪೆಟ್ಟಿಗೆ ಹೊಟ್ಟೆಯೊಳಗೆ ಉಂಟು ಅಣ್ಣ. ಮೀನಿಗೆ ಜಾಗ ಸಾಲುವುದಿಲ್ಲ ಅಂತ ಅದನ್ನು ಮೇಲಕ್ಕೆ ತಂದದ್ದು ನೀವು" ಎಂದರು. ಕಾಂತಪ್ಪಣ್ಣ ಚಹಾ ಮುಟ್ಟದೆ ಎದ್ದು ಹೋದರು. ಮರುದಿನದಿಂದ ಇವರಿಗೆ ಶೆಡ್ಡಿನ ಬಾಗಿಲು ಮುಚ್ಚಿತು. ಅದರ ಹಿಂದೆಯೇ ನಿನ್ನ ಇನ್‌ಲ್ಯಾಂಡ್ ಬಂತು.

ವಿಚಾರಣೆ ಫೋರ್ಟಿನ ಒಂದು ಸರಕಾರಿ ಕಚೇರಿಯಲ್ಲಿ ನಡೆಯಿತು. ಬದುಕಿ ಬಂದವರು, ತಾಂಡೇಲ ಕುಡಿದಿದ್ದ ಎಂದು ಒಬ್ಬರ ಹಿಂದೊಬ್ಬರು ಹೇಳಿದರು. ಇವರು ಪೆಟ್ಟಿಗೆಯ ವಿಷಯ ಹೇಳಿದಾಗ ಕಾಂತಪ್ಪಣ್ಣನ ವಕೀಲ, ಐಸಿನ ಪೆಟ್ಟಿಗೆ ಮೇಲಿದ್ದರೂ ಅಂಥ ದೋಣಿ ಮಗುಚುವುದೇ ಇಲ್ಲ, ಇದು ಕೆಲಸ ಕಳೆದುಕೊಂಡವನ ಸಿಟ್ಟು ಎಂದನಂತೆ. ಅಧಿಕಾರಿ ಮರಾಠಿಯವರು, ನಿಧಾನದ ಮನುಷ್ಯ. ಕಾಗದದ ಮೇಲಿನ ಲೆಕ್ಕ ಬೇಡ, ನೀರಿನ ಮೇಲೆ ತೋರಿಸಬಲ್ಲಿರಾ ಎಂದು ಇವರನ್ನು ಕೇಳಿದರು. ಇವರು ಹೂಂ ಎಂದು ಬಂದರು.

ಹಾಗೆ ಶುರುವಾದದ್ದು ನಮ್ಮ ಚಾಳಿನ ಗ್ಯಾಲರಿಯ ಪುಟ್ಟ ಮಾದರಿ ದೋಣಿ.

ಮರದಲ್ಲಿ ಕೆತ್ತಿದರೆ ಬೇಗ ಮುಗಿಯುತ್ತಿತ್ತು. ಆದರೆ ಮರದ ದಿಮ್ಮಿ ತೇಲುವ ರೀತಿ ಬೇರೆ, ತೆಳ್ಳಗಿನ ಚಿಪ್ಪು ತೇಲುವ ರೀತಿ ಬೇರೆ. ವಕೀಲ ಅದನ್ನೇ ಹಿಡಿಯುತ್ತಾನೆ, ಆ ದೋಣಿ ಯಾವುದರದ್ದೋ ಇದೂ ಅದರದ್ದೇ ಆಗಬೇಕು ಎಂದು ಇವರ ವಾದ. ಹಣ್ಣಿನ ಪೆಟ್ಟಿಗೆಯ ಹಲಗೆಗಳನ್ನು ಅಂಟಿಸಿ, ನಕ್ಷೆಯಿಂದ ಕತ್ತರಿಸಿದ ರಟ್ಟುಗಳನ್ನು ಹಿಡಿದು ನೋಡುತ್ತ ನೋಡುತ್ತ ಮೊದಲು ದೋಣಿಯ ಆಕಾರದ ಒಂದು ಅಚ್ಚು ಕೆತ್ತಿದರು. ಉಬ್ಬುತಗ್ಗಿಗೆ ಲಪ್ಪ ತುಂಬಿ, ಮರಳು ಕಾಗದದಿಂದ ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಮಾಡಿದರು. ಮೇಲೆ ಬರುವ ಚಿಪ್ಪು ಹಿಡಿದುಕೊಳ್ಳಬಾರದೆಂದು ಅದಕ್ಕೆ ಮೇಣ ತಿಕ್ಕಿದವಳು ನಾನು. ಕವುಚಿ ಇಟ್ಟಾಗ ಅದು ಪುಟ್ಟ ತೊಟ್ಟಿಲಿನಷ್ಟಿತ್ತು. ಪಕ್ಕದ ರೂಮಿನ ದಾನವ್ವ, ಬಿಜಾಪುರದ ಕಡೆಯವಳು, ಹಾದು ಹೋಗುವಾಗ ನಿಂತು, "ತೊಟ್ಟಲಾ ಮಾಡಾಕತ್ತೀರೇನ್ ತಂಗಿ? ಏನರ ವಿಶೇಷ ಐತೇನು?" ಎಂದಳು. ಪ್ರೀತಿಯಿಂದಲೇ ಕೇಳಿದ್ದು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಆ ಮಾತು ಎಲ್ಲಿ ತಾಗುತ್ತದೆಂದು ನಿನಗೆ ಗೊತ್ತು. ಇಲ್ಲ ದಾನವ್ವ, ದೋಣಿ ಎಂದು ನಕ್ಕೆ.

ಆಮೇಲೆ ಅವಳ ಪ್ರೀತಿಯೂ ಉಳಿಯಲಿಲ್ಲ. ಅಚ್ಚಿನ ಮೇಲೆ ಗಾಜಿನ ನೂಲಿನ ಚಾಪೆ ಹಾಸಿ, ರೆಸಿನ್ ಎಂಬ ಅಂಟು ಬಳಿಯಬೇಕು. ಆ ಅಂಟಿನ ವಾಸನೆ ಮೂಗಿನಿಂದ ತಲೆಗೇರಿ ಅಲ್ಲೇ ಕೂರುತ್ತದೆ. ಮಳೆಗೆ ಕೆಲಸವನ್ನು ರೂಮಿನೊಳಗೆ ತಂದಿದ್ದೆವು, ಕಿಟಕಿ ತೆರೆಯುವ ಹಾಗಿಲ್ಲ. "ಏನ್ ನಾರಸಾಕತ್ತೀರಿ ಇದು! ನಮ್ಮ ಕೂಸು ಕೆಮ್ಮಿ ಕೆಮ್ಮಿ ಸಾಯಾಕತ್ತೈತಿ" ಎಂದು ದಾನವ್ವ ಇಡೀ ಚಾಳಿಗೆ ಕೇಳುವಂತೆ ಕೂಗಿದಳು. ಅವಳದೂ ತಪ್ಪಲ್ಲ. ಗಾಜಿನ ನೂಲು ಚರ್ಮಕ್ಕೆ ಹೊಕ್ಕು ನಮ್ಮಿಬ್ಬರ ಮೊಣಕೈವರೆಗೆ ದದ್ದು ಎದ್ದಿತ್ತು. ಅನ್ನ ಕಲಸುವಾಗಲೂ ತುರಿಕೆ.

ಮೊದಲನೆಯ ಚಿಪ್ಪು ಹಾಳಾಯಿತು. ಮಳೆಗಾಲದ ತೇವಕ್ಕೆ ಅಂಟು ಒಣಗಲೇ ಇಲ್ಲ. ದಿನಗಟ್ಟಲೆ ಕಾದರೂ ಬೆರಳಿಟ್ಟರೆ ಹಲಸಿನ ಮೇಣದ ಹಾಗೆ ಅಂಟುತ್ತಿತ್ತು. ಇವರು ತಾಳ್ಮೆ ತಪ್ಪಿ ಎಳೆದಾಗ ನಡುವೆ ಹರಿಯಿತು. ಕಾಂತಪ್ಪಣ್ಣ ಹೇಳಿದ ಆ ಒಂದು ಮಾತು ಹೇಳಿಬಿಟ್ಟರೆ ಎಷ್ಟು ಸುಲಭವಿತ್ತು ಎಂದು ನಾನು ಅವತ್ತು ಬಾಯಿಬಿಟ್ಟು ಅಂದೆ. ಅಂದದ್ದು ನಿಜ, ನಿನ್ನಿಂದ ಮುಚ್ಚಿಡುವುದಿಲ್ಲ. ಇವರು ಸಿಟ್ಟಾಗಲಿಲ್ಲ. "ನನಗೂ ಹಾಗೇ ಅನಿಸ್ತದೆ ಪ್ರಫುಲ್ಲಾ" ಎಂದರು.

ಆ ಹೊತ್ತಿಗೆ ಸೇವಂತಿ ಬಂದಳು. ಸೇವಂತಿ ಎಂದರೆ ದೂಜನ ಹೆಂಡತಿ. ಮಾಟುಂಗದ ಒಂದು ಖಾನಾವಳಿಯಲ್ಲಿ ತರಕಾರಿ ಹೆಚ್ಚುತ್ತಾಳೆ. ಕುಡುಕನ ಹೆಂಡತಿಯೆಂದು ಅಲ್ಲಿಯೂ ಮಾತು ಎದ್ದಿತ್ತು. ನಮ್ಮ ಬಾಗಿಲಲ್ಲಿ ನಿಂತವಳು ಒಳಗೆ ಬರಲೇ ಇಲ್ಲ. ಮೂಗಿಗೆ ಸೆರಗು ಹಿಡಿದುಕೊಂಡಳು. ವಾಸನೆಗೆ ಎಂದುಕೊಂಡೆ. "ಅವರ ಅಂಗಿಯಲ್ಲಿ ಇದೇ ವಾಸನೆ ಇರ್ತಿತ್ತು" ಎಂದಳು. ಹೊಸ ದೋಣಿಯ ಕೆಲಸ ನಡೆಯುವಾಗ ದೂಜ ದಿನವೂ ಶೆಡ್ಡಿನಲ್ಲೇ ಇರುತ್ತಿದ್ದನಲ್ಲ. ಸ್ವಲ್ಪ ಹೊತ್ತಿಗೆ ತಾನೇ ಹೇಳಿದಳು: "ಕುಡಿಯುವುದಿತ್ತು ಅಕ್ಕ, ಇಲ್ಲ ಅಂತ ನಾನು ಹೇಳುವುದಿಲ್ಲ. ಆದ್ರೆ ನೀರಿಗೆ ಹೋಗುವ ದಿನ ಮುಟ್ಟಿದವರಲ್ಲ. ನನಗೆ ಬೇರೆ ಎಂತ ಬೇಡ. ಅಷ್ಟು ಮಾತು ಸರಿ ಆಗ್ಬೇಕು."

ಅವತ್ತಿನಿಂದ ಕೆಲಸ ಮುಗಿಸಿ ಅವಳೂ ಬರತೊಡಗಿದಳು. ಎರಡನೆಯ ಚಿಪ್ಪಿಗೆ ಚಾಪೆ ಕತ್ತರಿಸಿದವಳು ಅವಳು. ಸುತ್ತ ಚಾದರ ಕಟ್ಟಿ, ಒಳಗೆ ದೊಡ್ಡ ಬಲ್ಬು ಉರಿಸಿ ತೇವ ಓಡಿಸುವ ಉಪಾಯವೂ ಆಯಿತು.

ಅಂಟು ಗಟ್ಟಿಯಾಗಲು ಅದಕ್ಕೆ ಹಾರ್ಡನರ್ ಎಂಬ ಒಂದು ದ್ರವ ಬೆರೆಸಬೇಕು. ನೀರಿನ ಹಾಗೆ ಕಾಣುತ್ತದೆ. ಬಾಟಲಿಯ ಬಿರಡೆ ಬಿಗಿಯಾಗಿತ್ತು. ಇವರು ಎದೆಗೆ ಒತ್ತಿ ತಿರುಗಿಸಿದರು. ಬಿರಡೆ ಒಮ್ಮೆಲೇ ಕಿತ್ತು ಬಂದು ದ್ರವ ಮುಖಕ್ಕೆ ಹಾರಿತು. ಇವರು ಕೂಗಿದ್ದು ನಾನು ಅದೇ ಮೊದಲು ಕೇಳಿದ್ದು. ಸೇವಂತಿ ಇವರ ತಲೆಯನ್ನು ಮೋರಿಯ ಮೇಲೆ ಬಗ್ಗಿಸಿ ಹಿಡಿದಳು, ನಾನು ಕೊಡದಿಂದ ನೀರು ಸುರಿದೆ. ನೀರು ಮುಗಿಯಿತು. ಬಾಗಿಲಿಗೆ ಬಂದು ನೋಡಿದ ದಾನವ್ವ ತನ್ನ ಮನೆಯ ನೀರನ್ನೆಲ್ಲ ಹೊತ್ತು ತಂದಳು. ಆಸ್ಪತ್ರೆಯಲ್ಲಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಮನೆಗೆ ಕಳಿಸಿದರು. ಅಷ್ಟು ನೀರು ಹಾಕದಿದ್ದರೆ ನೋಡುವುದೇ ಬೇಡವಾಗಿತ್ತು ಎಂದರು ಡಾಕ್ಟರು. ಏನು ಉಳಿಯುತ್ತದೆಂದು ಪಟ್ಟಿ ಬಿಚ್ಚಿದ ಮೇಲಷ್ಟೇ ಗೊತ್ತಾಗುವುದು.

ವಿಚಾರಣೆಯ ದಿನ ಹತ್ತಿರ ಬಂದಿತ್ತು. ಮುಂದಕ್ಕೆ ಹಾಕಿಸಿ ಎಂದೆ. "ಹಾಕಿದ್ರೆ ಗಣಪತಿ ಚೌತಿಯ ಆಚೆಗೆ ಹೋಗ್ತದೆ. ಅಷ್ಟರಲ್ಲಿ ಎಲ್ಲರೂ ಮರೀತಾರೆ. ನೀನು ಮಾಡು. ನಾನು ಹೇಳ್ತೇನೆ" ಎಂದರು. ಹೀಗೆ ನಾನೂ ಸೇವಂತಿಯೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅದನ್ನು ಮುಗಿಸಿದೆವು. ಇವರು ಗೋಡೆಗೊರಗಿ ಕೂತು ಹೇಳುತ್ತಿದ್ದರು: ಬ್ರಷ್ಷಿನಿಂದ ಎಳೆಯಬೇಡ, ಕುಟ್ಟು, ಗಾಳಿಯ ಗುಳ್ಳೆ ಉಳಿದರೆ ಅಲ್ಲಿಂದಲೇ ನೀರು ಬರುತ್ತದೆ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಅಚ್ಚಿನಿಂದ ಬಿಡಿಸುವಾಗ ಅಂಚಿಗೆ ಬಿಸಿನೀರು ಬಿಟ್ಟು ಮರದ ಚಮಚದಿಂದ ಸುತ್ತಲೂ ಮೀಟಿದೆವು. ಟಪ್ ಎಂದು ಸದ್ದಾಯಿತು. ಪೂರ್ತಿ ಚಿಪ್ಪು ಕೈಗೆ ಬಂತು. ಇವರ ಮಡಿಲಲ್ಲಿ ಇಟ್ಟೆ. ಮೂತಿಯಿಂದ ಹಿಂಬದಿಯವರೆಗೆ ಬೆರಳಾಡಿಸಿ, "ಸರಿ ಉಂಟು, ಇದು ಅದೇ" ಎಂದು ನಕ್ಕರು. ಆ ದಿನ ನಾವು ಮೂವರೂ ಹೊಟ್ಟೆ ತುಂಬ ಊಟ ಮಾಡಿದೆವು.

ಚಾಳಿನ ಹಿಂದೆ ಬಟ್ಟೆ ಒಗೆಯುವಲ್ಲಿ ಒಂದು ಸಿಮೆಂಟಿನ ತೊಟ್ಟಿ ಇದೆ. ಬೆಳಿಗ್ಗೆ ಗದ್ದಲ ಮುಗಿದ ಮೇಲೆ ನಾನೂ ಸೇವಂತಿಯೂ ದೋಣಿಯನ್ನು ಅಲ್ಲಿಗೆ ಒಯ್ದೆವು. ಎಂಜಿನ್ನಿಗೆ ಕಬ್ಬಿಣದ ತುಂಡು, ಮೀನಿಗೆ ಬಲೆಯ ಸೀಸದ ಗುಂಡು, ಐಸಿನ ಪೆಟ್ಟಿಗೆಗೆ ಮರಳು ತುಂಬಿದ ಡಬ್ಬಿ. ಯಾವುದಕ್ಕೆ ಎಷ್ಟು ತೂಕವೆಂದು ಇವರು ಮೊದಲೇ ಲೆಕ್ಕ ಹಾಕಿ ಇಟ್ಟಿದ್ದರು. ಪಟ್ಟಿ ಕಟ್ಟಿಕೊಂಡು ಮೆಟ್ಟಿಲಿಳಿಯುವುದು ಬೇಡವೆಂದು ಅವರನ್ನು ಮೇಲೆಯೇ ಕೂರಿಸಿದ್ದೆ.

ಡಬ್ಬಿಯನ್ನು ಮೇಲಿಟ್ಟು ಬೆರಳಿಂದ ಸ್ವಲ್ಪ ಒತ್ತಿದೆ. ದೋಣಿ ವಾಲಿತು, ಒಂದು ಕ್ಷಣ ಯೋಚಿಸಿದ ಹಾಗೆ ನಿಂತಿತು, ಆಮೇಲೆ ಮಗುಚಿಬಿಟ್ಟಿತು. ಸೇವಂತಿ ತೊಟ್ಟಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾವು ನೋಡಬೇಕೆಂದಿದ್ದುದು ಇದನ್ನೇ. ಇನ್ನು ಡಬ್ಬಿಯನ್ನು ಒಳಗೆ, ಇವರ ನಕ್ಷೆಯಲ್ಲಿ ಇದ್ದ ಹಾಗೆ ಇಟ್ಟು ತೋರಿಸಿದರೆ ಮುಗಿಯಿತು. ಒಳಗಿಟ್ಟೆ. ಮೀನಿನ ಭಾರ ಪೂರ್ತಿ ಹಾಕಿದೆ. ಒತ್ತಿದೆ.

ಅದು ವಾಲಿತು. ಏಳಲಿಲ್ಲ. ಮೊದಲಿಗಿಂತ ನಿಧಾನವಾಗಿ, ಆದರೆ ಹಾಗೆಯೇ, ಮಗ್ಗುಲಾಗಿ ನೀರು ಕುಡಿಯಿತು.

ಮತ್ತೆ ಮತ್ತೆ ಮಾಡಿದೆ. ಭಾರ ಕಡಿಮೆ ಮಾಡಿದರೆ ನಿಲ್ಲುತ್ತಿತ್ತು. ತುಂಬಿದರೆ ನಿಲ್ಲುತ್ತಿರಲಿಲ್ಲ. ಸೇವಂತಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಲಿಲ್ಲ. ಮೇಲೆ ಹೋದಾಗ ಇವರು ಬಾಗಿಲ ಕಡೆಗೆ ಮುಖ ಎತ್ತಿ, "ಏನಾಯ್ತು?" ಎಂದರು. ನಾನು ಹೇಳಿದೆ: "ಮೇಲಿಟ್ಟಾಗ ಮಗುಚಿತು. ಒಳಗಿಟ್ಟಾಗ ಎದ್ದು ನಿಂತಿತು."

ಅಕ್ಕ, ಕಣ್ಣು ಕಟ್ಟಿಕೊಂಡು ಕೂತ ಮನುಷ್ಯನಿಗೆ ಸುಳ್ಳು ಹೇಳುವುದು ಎಷ್ಟು ಸುಲಭ ಗೊತ್ತಾ? ಇವರು ನಿರಾಳವಾಗಿ ಉಸಿರು ಬಿಟ್ಟರು. ಕಚೇರಿಯಲ್ಲಿ ಎರಡನೆಯ ಸಲ ಮೀನಿನ ಭಾರವನ್ನು ಒಂದಿಷ್ಟು ಕಡಿಮೆ ಹಾಕಿದರಾಯಿತು, ಯಾರು ನೋಡುತ್ತಾರೆ ಎಂದು ನಾನು ಆಗಲೇ ಲೆಕ್ಕ ಹಾಕುತ್ತಿದ್ದೆ.

ಸೇವಂತಿ ನನ್ನನ್ನು ಗ್ಯಾಲರಿಗೆ ಕರೆದಳು. ದನಿ ಎತ್ತರಿಸಲಿಲ್ಲ. "ನನ್ನ ಗಂಡನನ್ನು ಕುಡುಕ ಮಾಡಿದ್ದು ಒಂದು ಸುಳ್ಳು. ಇನ್ನೊಂದು ಸುಳ್ಳಿನಿಂದ ಅವರನ್ನು ಒಳ್ಳೆಯವರು ಮಾಡುವುದು ನನಗೆ ಬೇಡ ಅಕ್ಕ. ಇಂಥದ್ದೇ ಇನ್ನೊಂದು ದೋಣಿ ಮಲ್ಪೆಯಲ್ಲಿ ಉಂಟು ಅಂತ ಅವರು ಹೇಳ್ತಿದ್ರು. ಅದರಲ್ಲಿ ಹೋಗುವವರಿಗೆ ಹೆಂಡತಿ ಮಕ್ಕಳಿಲ್ವಾ?"

ನಿಜ ಹೇಳುತ್ತೇನೆ, ಅಲ್ಲಿಯವರೆಗೆ ನನಗೆ ನಿಮ್ಮ ದೋಣಿಯ ನೆನಪೇ ಬಂದಿರಲಿಲ್ಲ. ನನ್ನ ಒಡಹುಟ್ಟಿದವಳ ಗಂಡನನ್ನು ನನಗೆ ನೆನಪು ಮಾಡಿಕೊಟ್ಟವಳು ಅವಳು.

ಇವರಿಗೆ ಹೇಳಿದೆ. ಆಮೇಲೆ ನನ್ನ ಹೆಗಲು ಹಿಡಿದು ಮೆಟ್ಟಿಲಿಳಿದರು. ತೊಟ್ಟಿಯ ಮುಂದೆ ಮಂಡಿಯೂರಿ, ದೋಣಿಯ ಮಗ್ಗುಲಿಗೆ ತಮ್ಮ ಅಂಗೈ ಇಟ್ಟರು. ನಾನು ಗುಂಡುಗಳನ್ನು ತುಂಬಿದೆ. ದೋಣಿ ಅವರ ಕೈಯೊಳಗೆ ವಾಲಿ, ಅಲ್ಲೇ ಮಲಗಿತು. ಎತ್ತಿ ನಿಲ್ಲಿಸಿದರು. ಮತ್ತೆ ಮಲಗಿತು. "ಅಗಲ ಕಡಿಮೆ ಆಯ್ತು. ವೇಗ ಬರಲಿ ಅಂತ ನಾನೇ ಸಪೂರ ಮಾಡಿದ್ದು" ಎಂದರು. ಪಟ್ಟಿಯ ಕೆಳಗಿಂದ ನೀರು ಇಳಿಯಿತು. ಕಣ್ಣಿಗೆ ಹಾಕಿದ ಔಷಧವೋ ಏನೋ, ನಾನು ಕೇಳಲಿಲ್ಲ.

ವಿಚಾರಣೆ ಕಳೆದ ಶುಕ್ರವಾರ ಆಯಿತು. ಅದಕ್ಕೆ ಮೊದಲೇ ಪಟ್ಟಿ ಬಿಚ್ಚಿದ್ದರು. ಬಲಗಣ್ಣು ಉಳಿದಿದೆ, ಎಡಗಣ್ಣು ಹೋಯಿತು. ಇದನ್ನು ಅಮ್ಮನಿಗೆ ಈಗಲೇ ಹೇಳಬೇಡ. ಕಚೇರಿಯ ಅಂಗಳದಲ್ಲಿ ಒಂದು ದೊಡ್ಡ ಟಬ್ಬಿಗೆ ನೀರು ತುಂಬಿಸಿದ್ದರು. ಡಬ್ಬಿ ಮೇಲಿಟ್ಟು ತೋರಿಸಿದರು, ದೋಣಿ ಮಗುಚಿತು. ವಕೀಲ ಬಾಯಿ ತೆರೆಯುವ ಮೊದಲೇ ಇವರು ಡಬ್ಬಿಯನ್ನು ಒಳಗಿಟ್ಟು, ಪೂರ್ತಿ ಭಾರ ಹಾಕಿ, ಅದನ್ನೂ ತೋರಿಸಿದರು. ಪೆಟ್ಟಿಗೆ ಮೇಲೆ ಬಂದದ್ದರಿಂದ ದೋಣಿ ಬೇಗ ಹೋಯಿತು, ಆದರೆ ತುಂಬಿದ ದೋಣಿ ನನ್ನ ನಕ್ಷೆಯಲ್ಲೂ ನಿಲ್ಲುತ್ತಿರಲಿಲ್ಲ, ತಾಂಡೇಲ ಏನು ಮಾಡಿದ್ದರೂ ಉಳಿಸಲು ಆಗುತ್ತಿರಲಿಲ್ಲ ಎಂದರು. ಬದುಕಿ ಬಂದವರಲ್ಲಿ ಒಬ್ಬ, ಸೀನ, ಎದ್ದು ನಿಂತು, ದೂಜಣ್ಣ ಅವತ್ತು ಕುಡಿದಿರಲಿಲ್ಲ ಸಾಹೇಬರೇ ಎಂದು ಅತ್ತುಬಿಟ್ಟ.

ದೂಜನ ಹೆಸರು ತೊಳೆದು ಹೋಯಿತು. ಕಾಂತಪ್ಪಣ್ಣನ ಮೇಲೂ ಇವರ ಮೇಲೂ ತಪ್ಪು ಬಂದಿದೆ. ಇನ್ನು ಮೇಲೆ ಇವರ ಕೈಯಿಂದ ದೋಣಿಯ ನಕ್ಷೆ ಯಾರು ಬರೆಸುತ್ತಾರೆ? ಮುಂದೇನೆಂದು ನಮಗೂ ಗೊತ್ತಿಲ್ಲ.

ನಾನು ಬರೆಯಲು ಕೂತದ್ದು ಇದಕ್ಕೆ. ಹೊರಗೆ ಬಂದಾಗ ಇವರು ಕಾಂತಪ್ಪಣ್ಣನ ಕೈ ಹಿಡಿದು, ತಮ್ಮನಿಗೆ ತಂತಿ ಕೊಡಿ ಎಂದು ಬೇಡಿಕೊಂಡರು. ಅವರು ಕೈ ಕೊಡವಿಕೊಂಡು, "ತಮ್ಮನ ದೋಣಿಗೆ ಎಂತದೂ ಆಗಿಲ್ಲ, ಚಂದ ಓಡ್ತಾ ಉಂಟು. ಈ ವರ್ಷ ಅವನೂ ಪೆಟ್ಟಿಗೆ ಮೇಲೆ ಇಡಿಸಿದ್ದಾನೆ" ಎಂದರು. ಸರಕಾರಿ ಕಾಗದ ಮಲ್ಪೆಗೆ ಬರುವಷ್ಟರಲ್ಲಿ ಹುಣ್ಣಿಮೆ ಕಳೆದಿರುತ್ತದೆ. ಇಷ್ಟು ದಿನ ಭಾವ ಪೂರ್ತಿ ತುಂಬಿಸಿರಲಿಕ್ಕಿಲ್ಲ, ಅದಕ್ಕೇ ದೋಣಿ ನಿಂತಿತ್ತು. ಒಳ್ಳೆಯ ಮೀನು ಬಿದ್ದ ದಿನ ನಿಲ್ಲುವುದಿಲ್ಲ. ಪೆಟ್ಟಿಗೆ ಕೆಳಗೆ ಇಳಿಸಿ, ತಳಕ್ಕೆ ಕಬ್ಬಿಣದ ಭಾರ ಹಾಕಿ, ತಿಳಿದವರು ನೋಡಿ ಹೂಂ ಎನ್ನುವವರೆಗೆ ಅದು ದಡದ ಮೇಲೆಯೇ ಇರಲಿ. ಭಾವನಿಗೆ ಇವರ ಮೇಲೆ ಸಿಟ್ಟಿದ್ದರೆ ಇರಲಿ, ನೀನು ನನ್ನ ಮುಖ ನೋಡದಿದ್ದರೂ ಸರಿ. ಭಾವನ ಕಾಲಿಗೆ ಬೀಳು, ಉಪವಾಸ ಕೂರು, ಏನು ಬೇಕಾದರೂ ಮಾಡು, ಆದರೆ ಹೋಗಲು ಬಿಡಬೇಡ.

ಸೇವಂತಿಯ ಸ್ಥಿತಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ ಅಕ್ಕ. ನಿನ್ನನ್ನು ಹಾಗೆ ನೋಡಲಾರೆ.

ಯಾವತ್ತಿಗೂ ನಿನ್ನವಳೇ,
ಪ್ರಫುಲ್ಲಾ

ಮರೆತ ಮಾತು: ಇದನ್ನು ಅಂಚೆಗೆ ಹಾಕಲು ಧೈರ್ಯ ಬರಲಿಲ್ಲ. ನೀನು ಒಡೆಯದೆ ಹಿಂದಕ್ಕೆ ಕಳಿಸಿದರೆ ಎಂಬ ಭಯ. ಈ ಪತ್ರ ನಿನ್ನ ಕೈಗಿತ್ತು ಅಂಗಳದಲ್ಲಿ ನಿಂತಿರುವ ಹೆಂಗಸೇ ಸೇವಂತಿ. ನಾನು ಕಳಿಸಿದ್ದಲ್ಲ, "ನಾನೇ ಹೋಗ್ತೇನೆ, ನನ್ನನ್ನು ನೋಡಿದ್ರೆ ಅವರು ನಂಬ್ತಾರೆ" ಎಂದು ಖಾನಾವಳಿಯ ಕೆಲಸ ಬಿಟ್ಟು ಬಸ್ಸು ಹತ್ತಲು ಹೊರಟು ನಿಂತಿದ್ದಾಳೆ. ಕಾಂತಪ್ಪಣ್ಣನ ತಮ್ಮನ ಮನೆಯೆಂದು ಗೊತ್ತಿದ್ದೇ ಬಂದಿದ್ದಾಳೆ. ಅವಳಿಗೆ ಓದು ಬರುವುದಿಲ್ಲ, ನಿನ್ನ ಮುಖ ನೋಡಿಯೇ ತಿಳಿದುಕೊಳ್ಳಬೇಕು. ಒಳಗೆ ಕರೆ.